ಕಿರಿಯರ ಗಾಲ್ಫ್

ಹದಿನೆಂಟು ವರ್ಷದೊಳಗಿನವರಿಗಾಗಿ ನಡೆಯುವ ಗಾಲ್ಫ್ ತರಬೇತಿ, ಶಿಬಿರ, ಲೀಗ್ ಮತ್ತು ಟೂರ್ನಿಗಳ ಒಟ್ಟು ವ್ಯವಸ್ಥೆಗೆ ಕಿರಿಯರ ಗಾಲ್ಫ್ ಅಥವಾ ಜೂನಿಯರ್ ಗಾಲ್ಫ್ ಎಂದು ಹೆಸರು. ಕ್ರಿಕೆಟ್, ಕಬಡ್ಡಿ, ಖೋಖೋ ಆಟಗಳಿಗೆ ಮಕ್ಕಳು ಬೀದಿಯಲ್ಲೋ ಶಾಲೆಯ ಬಯಲಲ್ಲೋ ತಾವಾಗಿಯೇ ಇಳಿಯುತ್ತಾರೆ. ಸಂಘಟನೆ ಆಮೇಲೆ ಬರುತ್ತದೆ. ಗಾಲ್ಫ್‌ನಲ್ಲಿ ಈ ಕ್ರಮ ತಿರುಗುಮುರುಗು. ನೂರು ಎಕರೆಗೂ ಮಿಕ್ಕಿದ ಹುಲ್ಲುಹಾಸು, ಅದನ್ನು ಕತ್ತರಿಸಿ ನೀರುಣಿಸುವ ಕೆಲಸಗಾರರು, ಮಗುವಿನ ಎತ್ತರಕ್ಕೆ ಹೊಂದುವ ಸ್ಟಿಕ್, ಒಳಗೆ ಬಿಡಬೇಕೋ ಬೇಡವೋ ಎಂದು ಹೇಳುವ ಕ್ಲಬ್ಬಿನ ನಿಯಮ, ಇಷ್ಟೂ ದೊಡ್ಡವರ ಕೈಯಲ್ಲಿದೆ. ದೊಡ್ಡವರು ಏರ್ಪಾಟು ಮಾಡದೆ ಮಗುವಿಗೆ ಈ ಆಟ ಸಿಗುವುದೇ ಇಲ್ಲ. ಆದ್ದರಿಂದ ಕಿರಿಯರ ಗಾಲ್ಫ್‌ನ ಚರಿತ್ರೆಯೆಂದರೆ ಬಹುಮಟ್ಟಿಗೆ ಕೋರ್ಸಿನ ಗೇಟು ಯಾವ ಮಕ್ಕಳಿಗೆ, ಯಾವಾಗ, ಯಾರಿಂದ ತೆರೆಯಿತು ಎಂಬುದರ ಚರಿತ್ರೆ.

ಹಿನ್ನೆಲೆ

ಆರಂಭದ ಕಾಲದಲ್ಲಿ ಕೋರ್ಸಿನೊಳಗೆ ಕಾಣುತ್ತಿದ್ದ ಮಕ್ಕಳಲ್ಲಿ ಎರಡು ಬಗೆ: ಕ್ಲಬ್ ಸದಸ್ಯರ ಮಕ್ಕಳು ಮತ್ತು ಸದಸ್ಯರ ಚೀಲ ಹೊರುತ್ತಿದ್ದ ಕ್ಯಾಡಿ ಹುಡುಗರು. ಕ್ಯಾಡಿಗಳಿಗೆ ಯಾರೂ ಆಟ ಕಲಿಸಲಿಲ್ಲ. ದಿನವೂ ಹದಿನೆಂಟು ಹೋಲ್ ನಡೆದು, ನೋಡಿ ನೋಡಿ ಕಲಿತರು. ಸದಸ್ಯರು ಮನೆಗೆ ಹೋದ ಮೇಲೆ ಕತ್ತಲಾಗುವವರೆಗೆ ಸಿಕ್ಕಿದ ಹಳೆಯ ಸ್ಟಿಕ್ ಹಿಡಿದು ಆಡಿದರು. 1913ರಲ್ಲಿ ಅಮೆರಿಕದ ಬ್ರೂಕ್‌ಲೈನ್‌ನಲ್ಲಿ ನಡೆದ ಯು.ಎಸ್. ಓಪನ್ ಗೆದ್ದ ಫ್ರಾನ್ಸಿಸ್ ವೀಮೆಟ್ ಅದೇ ಕ್ಲಬ್ಬಿನಲ್ಲಿ ಕ್ಯಾಡಿಯಾಗಿದ್ದವರು. ಆಗ ಅವರಿಗೆ ಇಪ್ಪತ್ತು ವರ್ಷ. ಬ್ರಿಟನ್ನಿನ ಘಟಾನುಘಟಿಗಳಾದ ಹ್ಯಾರಿ ವಾರ್ಡನ್ ಮತ್ತು ಟೆಡ್ ರೇ ಇಬ್ಬರನ್ನೂ ಅವರು ಪ್ಲೇಆಫ್‌ನಲ್ಲಿ ಸೋಲಿಸಿದರು. ಅಂದು ಅವರ ಚೀಲ ಹೊತ್ತವನು ಹತ್ತು ವರ್ಷದ ಎಡ್ಡಿ ಲೋರಿ. ಕ್ಯಾಡಿ ಹುಡುಗರ ಓದಿನ ಬಗ್ಗೆ ಯೋಚಿಸಿದವರಲ್ಲಿ ಇನ್ನೊಬ್ಬ ಮಾಜಿ ಕ್ಯಾಡಿ, 1916ರ ಯು.ಎಸ್. ಓಪನ್ ವಿಜೇತ ಚಿಕ್ ಇವಾನ್ಸ್ ಮುಖ್ಯರು. ಹವ್ಯಾಸಿಯಾಗಿಯೇ ಉಳಿಯಲು ಬಯಸಿದ ಅವರು ತಮಗೆ ಬರಬೇಕಾದ ಹಣವನ್ನು ಕ್ಯಾಡಿಗಳ ಕಾಲೇಜು ವಿದ್ಯಾರ್ಥಿವೇತನಕ್ಕೆ ಬಿಟ್ಟುಕೊಟ್ಟರು. 1930ರಲ್ಲಿ ಶುರುವಾದ ಆ ವಿದ್ಯಾರ್ಥಿವೇತನ ಇಂದಿಗೂ ನಡೆಯುತ್ತಿದೆ.

ಮಕ್ಕಳಿಗೆಂದೇ ರಾಷ್ಟ್ರೀಯ ಸ್ಪರ್ಧೆಗಳು ಹುಟ್ಟಿದ್ದು ಮೊದಲ ಮಹಾಯುದ್ಧದ ನಂತರ. ಬ್ರಿಟನ್ನಿನಲ್ಲಿ ಬಾಲಕಿಯರ ಚಾಂಪಿಯನ್‌ಷಿಪ್ 1919ರಲ್ಲೂ ಬಾಲಕರದು 1921ರಲ್ಲೂ ಆರಂಭವಾದವು. ಹುಡುಗಿಯರ ಟೂರ್ನಿ ಹುಡುಗರದಕ್ಕಿಂತ ಮುಂಚೆ ಬಂದದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ ಬಾಲಕರ ಜೂನಿಯರ್ ಟೂರ್ನಿಯನ್ನು 1948ರಲ್ಲಿ, ಬಾಲಕಿಯರದನ್ನು 1949ರಲ್ಲಿ ಶುರುಮಾಡಿತು. ಟೈಗರ್ ವುಡ್ಸ್ 1991ರಿಂದ 1993ರವರೆಗೆ ಸತತ ಮೂರು ಸಲ ಗೆದ್ದದ್ದು ಈ ಬಾಲಕರ ಟೂರ್ನಿಯನ್ನೇ. ಸ್ಯಾನ್ ಡಿಯೇಗೊದಲ್ಲಿ 1968ರಿಂದ ನಡೆಯುತ್ತಿರುವ ಜೂನಿಯರ್ ವರ್ಲ್ಡ್ ಟೂರ್ನಿಗೆ ಬೇರೆ ಬೇರೆ ದೇಶಗಳ ಮಕ್ಕಳು ಬರುತ್ತಾರೆ. 1978ರಲ್ಲಿ ಸ್ಥಾಪನೆಯಾದ ಅಮೆರಿಕನ್ ಜೂನಿಯರ್ ಗಾಲ್ಫ್ ಅಸೋಸಿಯೇಷನ್ ಹದಿಹರೆಯದವರಿಗೆ ವರ್ಷವಿಡೀ ಟೂರ್ನಿಗಳನ್ನು ನಡೆಸಿ, ಕಾಲೇಜು ತಂಡಗಳ ಕೋಚ್‌ಗಳ ಕಣ್ಣಿಗೆ ಮಕ್ಕಳು ಬೀಳುವಂತೆ ಮಾಡಿತು.

ಟೂರ್ನಿಗಳು ಈಗಾಗಲೇ ಆಡುವವರನ್ನು ಆರಿಸಿಕೊಳ್ಳುತ್ತವೆ. ಹೊಸಬರನ್ನು ಕರೆತರುವುದು ಬೇರೆಯೇ ಕೆಲಸ. ಆ ಕೆಲಸಕ್ಕೆಂದೇ ಬ್ರಿಟನ್ನಿನಲ್ಲಿ 1952ರಲ್ಲಿ ಗಾಲ್ಫ್ ಫೌಂಡೇಷನ್ ಹುಟ್ಟಿತು. ಕ್ಲಬ್ಬಿಗೆ ಮಕ್ಕಳು ಬರಲಿ ಎಂದು ಕಾಯದೆ ಶಾಲೆಗೇ ಕೋಚ್‌ಗಳನ್ನು ಕಳಿಸುವ ಮಾರ್ಗವನ್ನು ಅದು ಹಿಡಿಯಿತು. ನಂತರದ ದಿನಗಳಲ್ಲಿ ಬಂದ ಪ್ಲಾಸ್ಟಿಕ್ ಸ್ಟಿಕ್, ಮೆತ್ತನೆಯ ಚೆಂಡು, ಚೆಂಡು ಅಂಟಿಕೊಳ್ಳುವ ಗುರಿಫಲಕ ಮುಂತಾದವುಗಳಿಂದ ಶಾಲೆಯ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲೂ ಮಳೆಗಾಲದಲ್ಲಿ ಸಭಾಂಗಣದಲ್ಲೂ ಗಾಲ್ಫ್ ಆಡಿಸುವುದು ಸಾಧ್ಯವಾಯಿತು.

ಮೊದಲ ಪಾಠ

ಮಗುವಿಗೆ ಆರು-ಏಳು ವರ್ಷವಾದಾಗ ಕೈಗೆ ಸ್ಟಿಕ್ ಕೊಡುವುದು ಸಾಮಾನ್ಯ. ಅದಕ್ಕೂ ಮುಂಚೆ ಶುರುಮಾಡಿದವರಿದ್ದಾರೆ. ಮಕ್ಕಳನ್ನು ಬಲ್ಲ ಕೋಚ್ ಮೊದಲ ದಿನವೇ ಡ್ರೈವರ್ ಎಂಬ ಉದ್ದನೆಯ ಸ್ಟಿಕ್ ಹಿಡಿಸಿ ದೂರ ಬಾರಿಸು ಎನ್ನುವುದಿಲ್ಲ. ಪಾಠ ಶುರುವಾಗುವುದು ಕುಳಿಯ ಸುತ್ತಲ ನುಣುಪು ಹುಲ್ಲಿನ ಪಟಿಂಗ್ ಗ್ರೀನ್ ಮೇಲೆ, ಕುಳಿಯಿಂದ ಒಂದೇ ಅಡಿ ದೂರದಲ್ಲಿ. ಕುಳಿಯ ಅಗಲ ನಾಲ್ಕೂಕಾಲು ಇಂಚು. ಚೆಂಡಿನದು ಒಂದೂಮುಕ್ಕಾಲು ಇಂಚಿಗೂ ಸ್ವಲ್ಪ ಕಡಿಮೆ. ಅಷ್ಟು ಹತ್ತಿರದಿಂದ ಪಟರ್ ಎಂಬ ಸ್ಟಿಕ್ಕಿನಿಂದ ತಳ್ಳಿದರೆ ತಪ್ಪುವುದೇ ಕಷ್ಟ. ಚೆಂಡು ಒಳಗೆ ಬಿದ್ದಾಗ ಕುಳಿಯ ತಳದಿಂದ ಟೊಳ್ಳಾದ ಒಂದು ಸದ್ದು ಬರುತ್ತದೆ. ಅದನ್ನು ಕೇಳಿದ ಮಗು ಬಗ್ಗಿ ಚೆಂಡೆತ್ತಿ, ಯಾರೂ ಹೇಳದೆಯೇ ಮತ್ತೆ ಅಲ್ಲಿಯೇ ಇಡುತ್ತದೆ. ಆಮೇಲೆ ಎರಡು ಅಡಿ, ನಾಲ್ಕು ಅಡಿ, ಗ್ರೀನಿನ ಅಂಚು, ಅಲ್ಲಿಂದ ಚಿಪ್ ಎಂಬ ಗಿಡ್ಡ ಹೊಡೆತ, ಅದರಾಚೆ ಬಂಕರ್ ಎಂಬ ಮರಳುಗುಂಡಿ, ಫೇರ್‌ವೇ ಎಂಬ ಹುಲ್ಲುದಾರಿ. ಹೀಗೆ ಕುಳಿಯಿಂದ ಹಿಂದಕ್ಕೆ ಸರಿಯುತ್ತಾ ಕೊನೆಗೆ ಮೊದಲ ಹೊಡೆತದ ಜಾಗವಾದ ಟೀ ತಲುಪುವುದು ಒಳ್ಳೆಯ ಕ್ರಮ. ಟೀಯಿಂದ ಶುರುಮಾಡಿಸಿದ ಮಗು ಹತ್ತು ಸಲ ಬೀಸಿ ಎಂಟು ಸಲ ಚೆಂಡನ್ನು ಮುಟ್ಟದೆ, ಮನೆಗೆ ಹೋಗೋಣ ಎನ್ನುತ್ತದೆ.

ಇದಕ್ಕೂ ಮುಂಚೆ ಕಲಿಸಬೇಕಾದದ್ದು ನಿಲ್ಲುವ ಜಾಗ. ಇನ್ನೊಬ್ಬ ಮಗು ಸ್ಟಿಕ್ ಬೀಸುವಾಗ ಅದರ ಹಿಂದೆಯೂ ಮುಂದೆಯೂ ಹೋಗಬಾರದು. ಚೆಂಡು ಹೊಡೆದಾದ ಮೇಲೆ, ಕೋಚ್ ಹೇಳಿದ ಮೇಲಷ್ಟೇ ಎಲ್ಲರೂ ಒಟ್ಟಿಗೆ ಎತ್ತಲು ಹೋಗಬೇಕು. ಚೆಂಡು ಯಾರ ಕಡೆಗಾದರೂ ಹೋಗುವಂತೆ ಕಂಡರೆ ಗಟ್ಟಿಯಾಗಿ ‘ಫೋರ್’ ಎಂದು ಕೂಗಬೇಕು. ಗುಡುಗು ಕೇಳಿಸಿದರೆ ಆಟ ಬಿಟ್ಟು ಒಳಗೆ ಓಡಬೇಕು, ಮರದ ಕೆಳಗೆ ನಿಲ್ಲಬಾರದು. ಗಾಲ್ಫ್ ಕೋರ್ಸ್ ಬಟಾಬಯಲು, ಕೈಯಲ್ಲಿ ಲೋಹದ ಸ್ಟಿಕ್ ಬೇರೆ. ಈ ಪಾಠಗಳನ್ನು ಬಿಟ್ಟು ಸ್ವಿಂಗ್ ಕಲಿಸುವ ಶಿಬಿರಕ್ಕೆ ಮಗುವನ್ನು ಕಳಿಸಬಾರದು.

ಸ್ಟಿಕ್‌ಗಳ ವಿಷಯದಲ್ಲಿ ಮನೆಯವರು ತಪ್ಪುವುದು ಹೆಚ್ಚು. ಅಪ್ಪನ ಹಳೆಯ ಸ್ಟಿಕ್ಕನ್ನು ಕತ್ತರಿಸಿ ಮಗುವಿಗೆ ಕೊಟ್ಟರೆ ಉದ್ದ ಸರಿಹೋಗುತ್ತದೆ, ತೂಕ ಹೋಗುವುದಿಲ್ಲ. ಮೊಟಕಾದ ಶಾಫ್ಟ್ ಇನ್ನಷ್ಟು ಬಿಗಿಯಾಗುತ್ತದೆ. ಭಾರ ತಾಳದ ಮಗು ಬೆನ್ನು ತಿರುಚಿ, ಮಣಿಕಟ್ಟು ಬಾಗಿಸಿ ಹೊಡೆಯಲು ಕಲಿಯುತ್ತದೆ. ಆ ಅಭ್ಯಾಸ ಬಿಡಿಸಲು ವರ್ಷಗಳೇ ಬೇಕು. ಮಕ್ಕಳ ಸೆಟ್‌ಗಳನ್ನು ವಯಸ್ಸು ನೋಡಿಯಲ್ಲ, ಎತ್ತರ ನೋಡಿ ಕೊಳ್ಳಬೇಕು. ನಿಯಮ ಹದಿನಾಲ್ಕು ಸ್ಟಿಕ್ ಇಟ್ಟುಕೊಳ್ಳಲು ಬಿಡುತ್ತದೆ; ಹತ್ತು ವರ್ಷದ ಮಗುವಿಗೆ ಐದಾರು ಧಾರಾಳ ಸಾಕು.

ಎಲ್ಲಕ್ಕಿಂತ ಮುಖ್ಯವಾದದ್ದು ಕೋರ್ಸಿನ ಉದ್ದ. ನಾನೂರು ಗಜದ ಒಂದು ಪಾರ್-4 ಹೋಲ್ ತೆಗೆದುಕೊಳ್ಳೋಣ. ದೊಡ್ಡವರು ಎರಡು ಹೊಡೆತಕ್ಕೆ ಗ್ರೀನ್ ತಲುಪಿ, ಎರಡು ಪಟ್‌ಗೆ ಚೆಂಡನ್ನು ಕುಳಿಗೆ ಹಾಕಬೇಕು ಎಂಬುದು ಪಾರ್‌ನ ಲೆಕ್ಕ. ಎಂಬತ್ತು ಗಜ ಹೊಡೆಯಬಲ್ಲ ಎಂಟು ವರ್ಷದ ಹುಡುಗಿ ಅದೇ ಟೀಯಿಂದ ಹೊರಟರೆ ಒಂದೂ ತಪ್ಪದೆ ಹೊಡೆದರೂ ಗ್ರೀನ್ ತಲುಪುವುದಕ್ಕೇ ಐದು ಹೊಡೆತ ಬೇಕು. ಅವಳು ಎಷ್ಟು ಚೆನ್ನಾಗಿ ಆಡಿದರೂ ಕಾರ್ಡಿನಲ್ಲಿ ಬರುವುದು ಏಳೇ. ಟೀಯನ್ನು ಗ್ರೀನಿನಿಂದ ನೂರ ಅರವತ್ತು ಗಜಕ್ಕೆ ತಂದಿಟ್ಟರೆ ಅವಳಿಗೂ ಎರಡು ಹೊಡೆತ, ಎರಡು ಪಟ್, ಪಾರ್. ಕ್ಲಬ್ಬಿಗೆ ಇದಕ್ಕೆ ತಗಲುವ ಖರ್ಚು ಹುಲ್ಲಿನ ಮೇಲೆ ಬಣ್ಣದ ಎರಡು ಗುರುತು ಇಡುವಷ್ಟೇ. ಹೊಸ ಅಕಾಡೆಮಿ ಕಟ್ಟುವುದಕ್ಕೆ ಮುಂಚೆ ಯಾವ ಕ್ಲಬ್ಬಾದರೂ ಮಾಡಬಹುದಾದ ಕೆಲಸವಿದು; ಆದರೂ ಮಕ್ಕಳ ಟೀ ಇಲ್ಲದ ಕೋರ್ಸ್‌ಗಳು ಬೇಕಾದಷ್ಟಿವೆ.

ಜೊತೆಗಾರರು ಮತ್ತು ಶುಲ್ಕ

ಗಾಲ್ಫ್ ಒಬ್ಬರೇ ಆಡುವ ಆಟ ಎಂಬ ಭಾವನೆ ಮಕ್ಕಳನ್ನು ದೂರವಿಡುತ್ತದೆ. ಹತ್ತು-ಹನ್ನೆರಡರ ಪ್ರಾಯದ ಮಗು ಆಟಕ್ಕೆ ಹೋಗುವುದೇ ಗೆಳೆಯರಿಗಾಗಿ. ಅಮೆರಿಕದ ವೃತ್ತಿಪರ ಕೋಚ್‌ಗಳ ಸಂಸ್ಥೆ ಪಿಜಿಎ 2011ರಲ್ಲಿ ಶುರುಮಾಡಿದ ಜೂನಿಯರ್ ಲೀಗ್ ಇದನ್ನು ಅರಿತು ರೂಪಿಸಿದ್ದು. ಅಲ್ಲಿ ಮಕ್ಕಳು ನಂಬರ್ ಇರುವ ಜೆರ್ಸಿ ತೊಟ್ಟು ತಂಡವಾಗಿ ಆಡುತ್ತಾರೆ. ಜೊತೆಗಾರರಿಬ್ಬರೂ ಹೊಡೆದು, ಎರಡರಲ್ಲಿ ಒಳ್ಳೆಯ ಚೆಂಡು ಬಿದ್ದಲ್ಲಿಂದ ಇಬ್ಬರೂ ಮುಂದಿನ ಹೊಡೆತ ಹೊಡೆಯುತ್ತಾರೆ. ಹೊಸಬನ ಕೆಟ್ಟ ಹೊಡೆತದಿಂದ ತಂಡಕ್ಕೆ ನಷ್ಟವಿಲ್ಲ, ಅವನ ಒಂದು ಒಳ್ಳೆಯ ಪಟ್‌ನಿಂದ ಇಡೀ ತಂಡ ಕುಣಿಯುತ್ತದೆ. ಮಕ್ಕಳನ್ನು ಆಟದಲ್ಲಿ ಉಳಿಸಲು ಇದುವರೆಗೆ ಬಂದ ಉಪಾಯಗಳಲ್ಲಿ ಇದು ಅತ್ಯುತ್ತಮವಾದದ್ದು ಎನ್ನಬಹುದು.

ಹುಡುಗಿಯರ ಮಟ್ಟಿಗೆ ಜೊತೆಯ ಪ್ರಶ್ನೆ ಇನ್ನೂ ದೊಡ್ಡದು. ಹದಿನೈದು ಹುಡುಗರ ಶಿಬಿರದಲ್ಲಿ ಒಬ್ಬಳೇ ಹುಡುಗಿಯಿದ್ದರೆ ಅವಳು ಮುಂದಿನ ವಾರ ಬರುವುದು ಅನುಮಾನ. 1989ರಲ್ಲಿ ಅರಿಜೋನಾದ ಫೀನಿಕ್ಸ್‌ನಲ್ಲಿ ಸ್ಯಾಂಡಿ ಲಬೋವ್ ಎಂಬ ಕೋಚ್ ಹುಡುಗಿಯರಿಗೆಂದೇ ಒಂದು ಗುಂಪು ಕಟ್ಟಿದರು. ಅದೇ ಮುಂದೆ ಮಹಿಳಾ ವೃತ್ತಿಪರರ ಸಂಸ್ಥೆ ಎಲ್‌ಪಿಜಿಎ ಮತ್ತು ಯುಎಸ್‌ಜಿಎ ಸೇರಿ ನಡೆಸುವ ಗರ್ಲ್ಸ್ ಗಾಲ್ಫ್ ಯೋಜನೆಯಾಗಿ ಅಮೆರಿಕದಾದ್ಯಂತ ಹಬ್ಬಿತು. ದಕ್ಷಿಣ ಕೊರಿಯಾದಲ್ಲಿ ಹುಡುಗಿಯರನ್ನು ಸೆಳೆದದ್ದು ಟಿವಿ. 1998ರಲ್ಲಿ ಪಾಕ್ ಸೆ-ರಿ ಯು.ಎಸ್. ಮಹಿಳಾ ಓಪನ್ ಗೆದ್ದದ್ದನ್ನು ಕಂಡು ಸ್ಟಿಕ್ ಹಿಡಿದ ಹುಡುಗಿಯರ ಒಂದು ತಲೆಮಾರನ್ನೇ ಅಲ್ಲಿ ‘ಸೆ-ರಿ ಮಕ್ಕಳು’ ಎನ್ನುತ್ತಾರೆ. ಅವರಲ್ಲೊಬ್ಬರಾದ ಪಾರ್ಕ್ ಇನ್-ಬೀ 2016ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು.

ಶುಲ್ಕದ ಬಾಗಿಲನ್ನು ತೆರೆದ ಪ್ರಯತ್ನಗಳಲ್ಲಿ ಯೂತ್ ಆನ್ ಕೋರ್ಸ್ ಸರಳವಾದದ್ದು. 2006ರಲ್ಲಿ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಈ ಯೋಜನೆಯಲ್ಲಿ ಸದಸ್ಯನಾದ ಮಗು ಒಂದು ಸುತ್ತಿಗೆ ಐದು ಡಾಲರ್ ಅಥವಾ ಅದಕ್ಕಿಂತ ಕಡಿಮೆ ಕೊಡುತ್ತದೆ. ಕೋರ್ಸಿಗೆ ಆಗುವ ಕೊರತೆಯನ್ನು ಸಂಸ್ಥೆ ತುಂಬಿಕೊಡುತ್ತದೆ. ಕೋರ್ಸಿಗೆ ದಾನ ಮಾಡು ಎನ್ನುವುದಿಲ್ಲ, ಮಗುವಿಗೆ ಬೇಡು ಎನ್ನುವುದಿಲ್ಲ. 1997ರಲ್ಲಿ ಗಾಲ್ಫ್‌ನ ದೊಡ್ಡ ಸಂಸ್ಥೆಗಳೆಲ್ಲ ಸೇರಿ ಕಟ್ಟಿದ ಫಸ್ಟ್ ಟೀ ಈ ಆಟ ಸುಳಿಯದ ಬಡಾವಣೆಗಳ ಮಕ್ಕಳನ್ನು ಗುರಿಯಾಗಿಟ್ಟುಕೊಂಡಿತು. ಪ್ರಾಮಾಣಿಕತೆ, ಸೌಜನ್ಯ, ಛಲ ಮುಂತಾದ ಗುಣಗಳನ್ನು ಆಟದ ಜೊತೆಗೇ ಕಲಿಸುವುದು ಅದರ ಪಠ್ಯದಲ್ಲಿದೆ. ಏಳರಿಂದ ಹದಿನೈದು ವರ್ಷದವರಿಗೆ ನಡೆಯುವ ಡ್ರೈವ್, ಚಿಪ್ ಅಂಡ್ ಪಟ್ ಸ್ಪರ್ಧೆಗೆ ಪ್ರವೇಶ ಉಚಿತ. ಅದರ ಫೈನಲ್ 2014ರಿಂದ ಮಾಸ್ಟರ್ಸ್ ಟೂರ್ನಿ ಶುರುವಾಗುವ ಮುಂಚಿನ ಭಾನುವಾರ, ಆ ಟೂರ್ನಿ ನಡೆಯುವ ಆಗಸ್ಟಾ ನ್ಯಾಷನಲ್ ಕೋರ್ಸಿನಲ್ಲೇ ನಡೆಯುತ್ತಿದೆ.

ಕಾರ್ಡು ಮತ್ತು ಸಹಿ

ಒಟ್ಟು ಹೊಡೆತಗಳನ್ನು ಎಣಿಸುವ ಸ್ಟ್ರೋಕ್ ಪ್ಲೇ ಟೂರ್ನಿಯಲ್ಲಿ ಪ್ರತಿ ಮಗುವಿನ ಕೈಗೂ ಒಂದು ಕಾರ್ಡು ಬರುತ್ತದೆ, ಆದರೆ ಅದರ ಮೇಲೆ ಇರುವುದು ಬೇರೆಯವನ ಹೆಸರು. ತನ್ನ ಜೊತೆ ಆಡುವವನ ಹೊಡೆತಗಳನ್ನು ತಾನು ಎಣಿಸಿ ಬರೆಯಬೇಕು. ತನ್ನದನ್ನು ಇನ್ನೊಬ್ಬ ಬರೆಯುತ್ತಾನೆ. ಸುತ್ತು ಮುಗಿದ ಮೇಲೆ ಸ್ಕೋರಿಂಗ್ ಮೇಜಿನ ಮುಂದೆ ಕೂತು ಒಂದೊಂದೇ ಹೋಲ್ ಓದಿ ತಾಳೆ ನೋಡುತ್ತಾರೆ. ಏಳನೇ ಹೋಲ್‌ನಲ್ಲಿ ಐದು ಎಂದು ಬರೆದಿದ್ದೀಯಾ, ನನ್ನದು ಆರು, ಪೊದೆಯಲ್ಲಿ ಬೀಸಿದಾಗ ಚೆಂಡು ಸ್ವಲ್ಪ ಅಲುಗಿತ್ತು ಎಂದು ಹನ್ನೊಂದು ವರ್ಷದ ಹುಡುಗ ತಾನಾಗಿಯೇ ಹೇಳುವುದು ಈ ಮೇಜಿನ ಮುಂದೆ ಅಪರೂಪವಲ್ಲ. ಅಂಪೈರ್ ನೋಡಿರುವುದಿಲ್ಲ; ಗಾಲ್ಫ್‌ನಲ್ಲಿ ಪ್ರತಿ ಗುಂಪಿನ ಹಿಂದೆ ಅಂಪೈರ್ ಇರುವುದೂ ಇಲ್ಲ. ನಿಜಕ್ಕಿಂತ ಕಡಿಮೆ ಲೆಕ್ಕಕ್ಕೆ ಸಹಿ ಹಾಕಿದರೆ ಟೂರ್ನಿಯಿಂದ ಹೊರಗೆ. ಹೆಚ್ಚು ಬರೆದು ಸಹಿ ಹಾಕಿದರೆ ಆ ಹೆಚ್ಚಿನದೇ ಗಟ್ಟಿ. 1968ರ ಮಾಸ್ಟರ್ಸ್‌ನಲ್ಲಿ ಅರ್ಜೆಂಟೀನಾದ ರಾಬರ್ಟೊ ಡಿ ವಿಸೆಂಜೊ ಒಂದು ಹೊಡೆತ ಹೆಚ್ಚಿದ್ದ ಕಾರ್ಡಿಗೆ ಸಹಿ ಹಾಕಿ ಪ್ಲೇಆಫ್ ಅವಕಾಶವನ್ನೇ ಕಳೆದುಕೊಂಡರು. ಮಕ್ಕಳಿಗೆ ಈ ಕಥೆಯನ್ನು ಹೇಳದ ಕೋಚ್ ಇರಲಾರರು.

ನಿಧಾನವಾಗಿ ಆಡುವುದಕ್ಕೂ ದಂಡವುಂಟು. 2013ರ ಮಾಸ್ಟರ್ಸ್‌ನಲ್ಲಿ ಆಡಿದ ಚೀನಾದ ಗುವಾನ್ ಟಿಯಾನ್ಲಾಂಗ್‌ಗೆ ಆಗ ಹದಿನಾಲ್ಕು ವರ್ಷ. ಎರಡನೇ ದಿನ ಅವನಿಗೆ ನಿಧಾನಗತಿಗಾಗಿ ಒಂದು ಹೊಡೆತದ ದಂಡ ಬಿತ್ತು. ಮಗುವೆಂದು ವಿನಾಯಿತಿ ಸಿಗಲಿಲ್ಲ, ಅವನೂ ಕೇಳಲಿಲ್ಲ. ಆದರೂ ಎರಡು ದಿನದ ನಂತರ ಮುಂದುವರಿಯಲು ಬೇಕಾದ ಮಿತಿಯಾದ ಕಟ್ ದಾಟಿ ಕೊನೆಯವರೆಗೆ ಆಡಿದ.

ವಯಸ್ಸು, ಬಲ ಬೇರೆ ಬೇರೆಯಾದವರು ಒಟ್ಟಿಗೆ ಆಡುವಂತೆ ಮಾಡುವುದು ಹ್ಯಾಂಡಿಕ್ಯಾಪ್, ಅಂದರೆ ಆಟಗಾರನ ಮಟ್ಟ ನೋಡಿ ಕೊಡುವ ಹೆಚ್ಚುವರಿ ಹೊಡೆತಗಳ ಲೆಕ್ಕ. 2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ ಗರಿಷ್ಠ ಮಿತಿಯನ್ನು ಎಲ್ಲರಿಗೂ 54ಕ್ಕೆ ನಿಗದಿಪಡಿಸಿತು. ಹೋಲ್‌ಗೆ ಮೂರು ಹೊಡೆತ ಹೆಚ್ಚು ತೆಗೆದುಕೊಳ್ಳುವ ಆರಂಭಿಕ ಮಗುವಿಗೂ ಈಗ ತನ್ನ ಹೆಸರಿನ ಹ್ಯಾಂಡಿಕ್ಯಾಪ್ ಸಿಗುತ್ತದೆ, ಅದು ಇಳಿಯುವುದನ್ನು ತಿಂಗಳಿಂದ ತಿಂಗಳಿಗೆ ನೋಡಬಹುದು. ಗೆದ್ದವರ ಪಟ್ಟಿಯಲ್ಲಿ ಹೆಸರು ಬಾರದ ಮಕ್ಕಳಿಗೆ ಈ ಇಳಿಕೆಯೇ ಪ್ರಶಸ್ತಿ.

ಭಾರತದಲ್ಲಿ

ಬ್ರಿಟಿಷ್ ದ್ವೀಪಗಳ ಹೊರಗೆ ಗಾಲ್ಫ್ ಬೇರೂರಿದ ಮೊದಲ ನೆಲ ಭಾರತ. ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್ 1829ರದು, ಬ್ಯಾಂಗಲೋರ್ ಗಾಲ್ಫ್ ಕ್ಲಬ್ 1876ರದು. ಇಷ್ಟು ಹಳೆಯ ಆಟ ನಮ್ಮ ಶಾಲೆಗಳೊಳಗೆ ಬರಲೇ ಇಲ್ಲ. ದೇಶದ ಕೋರ್ಸ್‌ಗಳಲ್ಲಿ ಬಹುಪಾಲು ಖಾಸಗಿ ಕ್ಲಬ್‌ಗಳದು ಅಥವಾ ಸೇನೆಯದು. ಹಣ ಕೊಟ್ಟು ಯಾರು ಬೇಕಾದರೂ ಆಡಬಹುದಾದ ದೆಹಲಿಯ ಲಾಡೋ ಸರಾಯ್‌ನ ಕುತುಬ್ ಗಾಲ್ಫ್ ಕೋರ್ಸನ್ನು ಅಲ್ಲಿನ ಅಭಿವೃದ್ಧಿ ಪ್ರಾಧಿಕಾರ ತೆರೆದದ್ದು 2000ದಲ್ಲಿ, ಅಂಥವು ಬೆರಳೆಣಿಕೆಯಷ್ಟು.

ಹೀಗಾಗಿ ಭಾರತದ ಹೆಸರಾಂತ ಆಟಗಾರರ ಬಾಲ್ಯವನ್ನು ನೋಡಿದರೆ ಅವರು ಮೂರು ಗೇಟುಗಳಲ್ಲಿ ಒಂದರಿಂದ ಒಳಗೆ ಬಂದಿರುವುದು ಕಾಣುತ್ತದೆ. ಮೊದಲನೆಯದು ಕ್ಯಾಡಿಗಳ ಷೆಡ್ಡು. ದೆಹಲಿ ಗಾಲ್ಫ್ ಕ್ಲಬ್ಬಿನಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಗೆದ್ದ ಮೊದಲ ಭಾರತೀಯ ವೃತ್ತಿಪರ ಆಟಗಾರರಾದರು. 2016 ಮತ್ತು 2017ರಲ್ಲಿ ಅದೇ ಟೂರ್ನಿ ಗೆದ್ದ ಎಸ್.ಎಸ್.ಪಿ. ಚೌರಾಸಿಯಾ ಅವರ ತಂದೆ ರಾಯಲ್ ಕಲ್ಕತ್ತಾದಲ್ಲಿ ಹುಲ್ಲು ನೋಡಿಕೊಳ್ಳುತ್ತಿದ್ದವರು. ಎರಡನೆಯದು ಸೇನೆಯ ಕಂಟೋನ್ಮೆಂಟ್. ಅನಿರ್ಬನ್ ಲಾಹಿರಿ ಸೇನೆಯ ವೈದ್ಯರ ಮಗ. ಶುಭಂಕರ್ ಶರ್ಮಾ, ದೀಕ್ಷಾ ಡಾಗರ್ ಸೇನಾಧಿಕಾರಿಗಳ ಮಕ್ಕಳು. ಕಿವಿ ಕೇಳಿಸದ ದೀಕ್ಷಾಗೆ ಕಲಿಸಿದವರು ಅವರ ತಂದೆಯೇ. 2017ರ ಡೆಫ್ಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಆಕೆ ಮುಂದೆ ಒಲಿಂಪಿಕ್ಸ್‌ನಲ್ಲೂ ಆಡಿದರು. ಮೂರನೆಯದು ಕ್ಲಬ್ ಸದಸ್ಯತ್ವವಿರುವ ಅಥವಾ ಅದಕ್ಕೆ ಹಣ ತೆರಬಲ್ಲ ಮನೆ. ಈ ಮೂರರಲ್ಲೂ ಸೇರದ ಮಗು ಗಾಲ್ಫ್ ಆಡಿದ್ದರೆ ಅದು ಅದೃಷ್ಟ. ಹರಿಯಾಣದ ಪಾಣಿಪತ್ ಬಳಿಯ ಇಸ್ರಾನಾ ಹಳ್ಳಿಯ ಹಾಲಿನವರ ಮಗ ಶುಭಂ ಜಗ್ಲಾನ್ ಆಟ ಹಿಡಿದದ್ದು ಊರಿನಲ್ಲಿ ಅನಿವಾಸಿಯೊಬ್ಬರು ತೆರೆದ ಅಕಾಡೆಮಿಯಿಂದ. ಅದು ಮುಚ್ಚಿಹೋದ ಮೇಲೂ ಅವನು ಯೂಟ್ಯೂಬ್ ನೋಡಿ ಆಡುತ್ತಿದ್ದ. 1982ರ ಏಷ್ಯನ್ ಗೇಮ್ಸ್‌ನ ಚಿನ್ನದ ತಂಡದಲ್ಲಿದ್ದ ಅಮಿತ್ ಲೂಥ್ರಾ ಬಡ ಮಕ್ಕಳಿಗಾಗಿ ನಡೆಸುವ ಗಾಲ್ಫ್ ಫೌಂಡೇಷನ್ ಅವನ ಕೈ ಹಿಡಿಯಿತು. 2015ರಲ್ಲಿ ಅಮೆರಿಕದಲ್ಲಿ ನಡೆದ ಜೂನಿಯರ್ ವರ್ಲ್ಡ್ ಟೂರ್ನಿಯಲ್ಲಿ ತನ್ನ ವಯಸ್ಸಿನ ಗುಂಪಿನಲ್ಲಿ ಅವನೇ ಗೆದ್ದ.

ದೇಶದ ಕಿರಿಯರ ಟೂರ್ನಿಗಳನ್ನು ನಡೆಸುವುದು 1955ರಲ್ಲಿ ಸ್ಥಾಪನೆಯಾದ ಇಂಡಿಯನ್ ಗಾಲ್ಫ್ ಯೂನಿಯನ್. ಸ್ಪರ್ಧಿಗಳನ್ನು ವಯಸ್ಸಿನ ಮೇಲೆ ಎ, ಬಿ, ಸಿ ಎಂದು ವಿಂಗಡಿಸುತ್ತಾರೆ: ಹದಿನೈದರಿಂದ ಹದಿನೇಳು, ಹದಿಮೂರು-ಹದಿನಾಲ್ಕು, ಹನ್ನೊಂದು-ಹನ್ನೆರಡು. ವಲಯ ಮಟ್ಟದ ಟೂರ್ನಿಗಳಲ್ಲಿ ಆಡಿ ಮೇಲೇರಿದವರು ರಾಷ್ಟ್ರೀಯ ಟೂರ್ನಿಗೆ, ಅಲ್ಲಿಂದ ದೇಶದ ಹವ್ಯಾಸಿ ತಂಡಕ್ಕೆ ಹೋಗುತ್ತಾರೆ. ಏಣಿ ಚೆನ್ನಾಗಿಯೇ ಇದೆ, ಅದರ ಕೆಳಗಿನ ಎರಡು ಮೆಟ್ಟಿಲು ಮಾತ್ರ ಇಲ್ಲ. ಹನ್ನೊಂದು ವರ್ಷಕ್ಕೆ ಟೂರ್ನಿ ಆಡಬೇಕಾದರೆ ಏಳೆಂಟಕ್ಕೇ ಯಾರೋ ಸ್ಟಿಕ್ ಹಿಡಿಸಿರಬೇಕಲ್ಲ!

ಕರ್ನಾಟಕದಲ್ಲಿ

2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ಗೆ ಹೋದ ಭಾರತದ ಮಹಿಳಾ ಗಾಲ್ಫ್ ತಂಡದಲ್ಲಿದ್ದವರು ಮೂವರು: ಅದಿತಿ ಅಶೋಕ್, ಪ್ರಣವಿ ಅರಸ್, ಅವನಿ ಪ್ರಶಾಂತ್. ಮೂವರೂ ಕರ್ನಾಟಕದವರು. ಅದಿತಿ ಬೆಳ್ಳಿ ಗೆದ್ದು, ಏಷ್ಯನ್ ಗೇಮ್ಸ್ ಗಾಲ್ಫ್‌ನಲ್ಲಿ ಪದಕ ಪಡೆದ ಮೊದಲ ಭಾರತೀಯ ಮಹಿಳೆಯಾದರು.

ಬೆಂಗಳೂರಿನ ಅದಿತಿ (ಜನನ 1998) ಆಟ ಹಿಡಿದ ಬಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಅಪ್ಪ ಅಶೋಕ್ ಗುಡ್ಲಮಣಿ, ಅಮ್ಮ ಮಹೇಶ್ವರಿ ಇಬ್ಬರಿಗೂ ಗಾಲ್ಫ್ ಗೊತ್ತಿರಲಿಲ್ಲ. ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನಲ್ಲಿ ಹೊಡೆತ ಅಭ್ಯಾಸ ಮಾಡುವ ಜಾಗವಾದ ಡ್ರೈವಿಂಗ್ ರೇಂಜ್ ಕಾಣುವ ಹೋಟೆಲಿಗೆ ಮನೆಯವರು ತಿಂಡಿಗೆ ಹೋಗುತ್ತಿದ್ದರು. ಐದು ವರ್ಷದ ಮಗು ಅಲ್ಲಿಂದ ಆಟ ನೋಡಿ, ತಾನೂ ಆಡಬೇಕು ಎಂದಿತು. ಅಪ್ಪ, ಮಗಳು ಒಟ್ಟಿಗೆ ಕಲಿತರು. ಮುಂದಿನದು ವ್ಯವಸ್ಥೆಯ ಕೆಲಸ: ಕಿರಿಯರ ರಾಜ್ಯ ಟೂರ್ನಿ, ದಕ್ಷಿಣ ಭಾರತ ಟೂರ್ನಿ, ರಾಷ್ಟ್ರೀಯ ಟೂರ್ನಿ, 2013ರಲ್ಲಿ ಏಷ್ಯನ್ ಯೂತ್ ಗೇಮ್ಸ್, 2014ರಲ್ಲಿ ನಾನ್‌ಜಿಂಗ್‌ನ ಯೂತ್ ಒಲಿಂಪಿಕ್ಸ್ ಮತ್ತು ಏಷ್ಯನ್ ಗೇಮ್ಸ್, 2016ರಲ್ಲಿ ಹದಿನೆಂಟನೇ ವಯಸ್ಸಿಗೆ ರಿಯೊ ಒಲಿಂಪಿಕ್ಸ್. ರಿಯೊದಲ್ಲಿ ಚೀಲ ಹೊತ್ತವರು ಅಪ್ಪ, ಟೋಕಿಯೊದಲ್ಲಿ ಅಮ್ಮ. ಟೋಕಿಯೊದಲ್ಲಿ ಕೇವಲ ಒಂದು ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದ ದಿನ, ಗಾಲ್ಫ್ ಎಂದರೇನೆಂದು ತಿಳಿಯದ ಮನೆಗಳಲ್ಲೂ ಬೆಳಗ್ಗೆಯೇ ಟಿವಿ ಹಾಕಿ ಕೂತಿದ್ದರು.

ಬಿಡದಿಯ ಈಗಲ್‌ಟನ್ ಕೋರ್ಸಿನ ಪಕ್ಕದ ಹಳ್ಳಿಯ ಎಸ್. ಚಿಕ್ಕರಂಗಪ್ಪ ಅವರದು ಕೂಲಿ ಮಾಡಿ ಬದುಕುತ್ತಿದ್ದ ಕುಟುಂಬ. ಅನಿರ್ಬನ್ ಲಾಹಿರಿಯವರಿಗೂ ಕಲಿಸಿದ ಕೋಚ್ ವಿಜಯ್ ದಿವೇಚಾ ಈ ಹುಡುಗನಲ್ಲಿ ಕೈಚಳಕ ಕಂಡು ಪಳಗಿಸಿದರು. ಕೋರ್ಸಿನವರು ಗೇಟು ತೆರೆದಿಟ್ಟರು. ಇಂದು ಅವರು ದೇಶದ ವೃತ್ತಿಪರ ಟೂರ್‌ನಲ್ಲಿ ಹಲವು ಪ್ರಶಸ್ತಿ ಗೆದ್ದ ಆಟಗಾರ. ಪ್ರಣವಿ ಮೈಸೂರಿನವರು, ಅಲ್ಲಿ ಚಾಮುಂಡಿ ಬೆಟ್ಟದ ತಪ್ಪಲಿನ ರೇಸ್‌ಕೋರ್ಸ್ ಆವರಣದೊಳಗೆ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ಇದೆ. ಒಬ್ಬರಿಗೆ ಹೋಟೆಲಿನ ಕಿಟಕಿ, ಇನ್ನೊಬ್ಬರಿಗೆ ಊರ ಪಕ್ಕದ ಕೋರ್ಸ್. ಕೋರ್ಸ್ ಕಣ್ಣಿಗೆ ಬಿದ್ದ ಮಕ್ಕಳು ಇಷ್ಟು ಎತ್ತರಕ್ಕೆ ಹೋದರೆಂದ ಮೇಲೆ, ಅದು ಕಣ್ಣಿಗೇ ಬೀಳದ ಮಕ್ಕಳಲ್ಲಿ ಎಷ್ಟು ಜನ ಉಳಿದುಹೋದರೋ ಎಂಬ ಯೋಚನೆ ಬಾರದೆ ಇರದು. ಕೊಡಗು, ಚಿಕ್ಕಮಗಳೂರಿನ ಪ್ಲಾಂಟರುಗಳ ಕೋರ್ಸ್‌ಗಳು, ಕೋಲಾರ ಚಿನ್ನದ ಗಣಿಯ ಕಾಲದ ಕೋರ್ಸ್, ಬೆಂಗಳೂರಿನ ಹೊರವಲಯದ ಹೊಸ ರೆಸಾರ್ಟುಗಳು, ಇವೆಲ್ಲದರ ಬೇಲಿಯ ಆಚೆ ಸರ್ಕಾರಿ ಶಾಲೆಗಳಿವೆ. ವಾರದಲ್ಲಿ ಒಂದು ಮಧ್ಯಾಹ್ನ, ಸದಸ್ಯರು ಆಡದ ಹೊತ್ತಿನಲ್ಲಿ, ಆ ಶಾಲೆಗಳ ಇಪ್ಪತ್ತು ಮಕ್ಕಳಿಗೆ ಪಟಿಂಗ್ ಗ್ರೀನ್ ಬಿಟ್ಟುಕೊಟ್ಟರೆ ಹುಲ್ಲು ಸವೆಯುವುದಿಲ್ಲ.

ಶಾಲೆ, ಖರ್ಚು, ಮನೆಯವರು

ಕೋರ್ಸ್‌ಗಳು ಶನಿವಾರ, ಭಾನುವಾರ ಸದಸ್ಯರಿಗೆ ಮೀಸಲಾದ್ದರಿಂದ ಕಿರಿಯರ ಟೂರ್ನಿಗಳು ಹೆಚ್ಚಾಗಿ ವಾರದ ಮಧ್ಯೆ ನಡೆಯುತ್ತವೆ. ಒಂದು ಟೂರ್ನಿಗೆ ಮೂರು-ನಾಲ್ಕು ದಿನ, ಅದಕ್ಕೆ ಮುಂಚೆ ಅಭ್ಯಾಸದ ಸುತ್ತು, ಹೋಗಿಬರುವ ದಿನಗಳು. ಹೀಗೆ ಒಂದು ವಾರದ ಶಾಲೆ ಹೋಯಿತು. ಎಸ್ಸೆಸ್ಸೆಲ್ಸಿ ಬಂದಾಗ ಹೆಚ್ಚಿನ ಮನೆಗಳಲ್ಲಿ ಸ್ಟಿಕ್ ಅಟ್ಟ ಸೇರುತ್ತದೆ. ಪಿಯುಸಿಯ ಹೊತ್ತಿಗೆ ಉಳಿದವರೂ ಬಿಡುತ್ತಾರೆ. ಹಾಜರಾತಿಯಲ್ಲಿ ರಿಯಾಯಿತಿ, ತಪ್ಪಿದ ಪರೀಕ್ಷೆಗೆ ಇನ್ನೊಂದು ಅವಕಾಶ, ಇವೆರಡನ್ನು ಕೊಡುವ ಶಾಲೆ ಸಿಕ್ಕಿದ ಮಗು ಆಟದಲ್ಲಿ ಉಳಿಯುತ್ತದೆ. ಇದು ಕೋಚ್ ಕೈಯಲ್ಲಿ ಇಲ್ಲದ, ಮುಖ್ಯೋಪಾಧ್ಯಾಯರ ಕೈಯಲ್ಲಿರುವ ವಿಷಯ.

ಖರ್ಚಿನ ಬಾಬ್ತು ದೊಡ್ಡದು. ರೇಂಜಿನಲ್ಲಿ ಬುಟ್ಟಿ ಚೆಂಡಿಗೆ ಹಣ, ಕೋಚ್ ಫೀ, ಗ್ರೀನ್ ಫೀ, ಕ್ಯಾಡಿ ಫೀ, ಎರಡು ವರ್ಷಕ್ಕೊಮ್ಮೆ ಗಿಡ್ಡವಾಗುವ ಸೆಟ್, ಟೂರ್ನಿಗೆ ಪ್ರಯಾಣ, ವಸತಿ, ಜೊತೆಗೆ ಹೋಗುವ ಅಪ್ಪ ಅಥವಾ ಅಮ್ಮನ ರಜೆ. ಹೊಸ ಹವ್ಯಾಸಿ ನಿಯಮಗಳು 2022ರಿಂದ ಪ್ರಾಯೋಜಕತ್ವದ ಮೇಲಿದ್ದ ನಿರ್ಬಂಧಗಳನ್ನು ಸಡಿಲಿಸಿರುವುದರಿಂದ, ಆಡುವ ಮಗು ಹವ್ಯಾಸಿ ಸ್ಥಾನ ಕಳೆದುಕೊಳ್ಳದೆ ಕಂಪನಿಯೊಂದರ ನೆರವು ಪಡೆಯಬಹುದು. ಬಡ ಮನೆಯ ಮಕ್ಕಳಿಗೆ ಇದು ನಿಜವಾದ ಅನುಕೂಲ.

ಅಪ್ಪ-ಅಮ್ಮಂದಿರ ಬಗ್ಗೆ ಒಂದು ಮಾತು ಹೇಳಲೇಬೇಕು. ಹಲವು ಕಿರಿಯರ ಟೂರ್ನಿಗಳಲ್ಲಿ ಅವರು ಮಗುವಿನ ಕ್ಯಾಡಿಯಾಗುವಂತಿಲ್ಲ, ಸ್ಟಿಕ್ ಆರಿಸುವಂತಿಲ್ಲ, ದೂರದಿಂದ ನಡೆಯಬೇಕು. ನಿಯಮ ಕಟುವೆನಿಸಿದರೂ ಬೇಕಾದದ್ದು. ಮಗು ಮೂರು ಅಡಿಯ ಪಟ್ ತಪ್ಪಿದಾಗ ಹಗ್ಗದಾಚೆ ನಿಂತ ಅಪ್ಪನ ಮುಖ ನೋಡಿದರೆ, ಮುಂದಿನದನ್ನೂ ತಪ್ಪುತ್ತದೆ. ಒಂಬತ್ತು-ಹತ್ತು ವರ್ಷಕ್ಕೇ ಬೇರೆ ಆಟವೆಲ್ಲ ಬಿಡಿಸಿ ದಿನಕ್ಕೆ ನಾಲ್ಕು ಗಂಟೆ ಚೆಂಡು ಹೊಡೆಸುವುದರಿಂದ ಬೆಳೆಯುವ ಬೆನ್ನು, ಮಣಿಕಟ್ಟುಗಳಿಗೆ ಪೆಟ್ಟು. ಹದಿನಾರಕ್ಕೆ ಆಟವೇ ಬೇಸರ. ಈಜು, ಓಟ, ಬ್ಯಾಡ್ಮಿಂಟನ್ ಆಡುತ್ತಲೇ ಹದಿಮೂರರವರೆಗೆ ಗಾಲ್ಫ್ ಕಲಿಯುವ ಮಕ್ಕಳು ಹಿಂದೆ ಬೀಳುವುದಿಲ್ಲ. ಇನ್ನು ಮಗುವನ್ನು ಕೋಚ್ ಜೊತೆ ಒಂಟಿಯಾಗಿ ದೂರದ ಊರಿಗೆ ಕಳಿಸದಿರುವುದು, ತರಬೇತಿಯನ್ನು ಎಲ್ಲರಿಗೂ ಕಾಣುವ ಜಾಗದಲ್ಲೇ ನಡೆಸುವುದು, ಕೋಚ್‌ನ ಪೂರ್ವಾಪರ ವಿಚಾರಿಸುವುದು, ಇವು ಕ್ಲಬ್ ಮತ್ತು ಮನೆಯವರು ಇಬ್ಬರೂ ಹೊತ್ತ ಹೊಣೆ. ಭಾರತದಲ್ಲಿ 2012ರ ಪೋಕ್ಸೋ ಕಾಯ್ದೆ ಆಟದ ಮೈದಾನಕ್ಕೂ ಅನ್ವಯಿಸುತ್ತದೆ.

ಹದಿನೆಂಟು ದಾಟಿದವರ ಮುಂದೆ ಕೆಲವು ದಾರಿಗಳಿವೆ. ಅಮೆರಿಕದ ಕಾಲೇಜುಗಳು ಗಾಲ್ಫ್ ಆಡುವವರಿಗೆ ವಿದ್ಯಾರ್ಥಿವೇತನ ಕೊಡುತ್ತವೆ. ಅಲ್ಲಿ 1972ರ ಕಾಯ್ದೆಯೊಂದು ಹುಡುಗಿಯರಿಗೂ ಸಮಾನ ಅವಕಾಶ ಕೊಡಬೇಕೆಂದು ವಿಧಿಸಿದ ಮೇಲೆ ಅವರಿಗೆ ಸ್ಥಾನಗಳು ಹೆಚ್ಚಿದವು. ದೇಶದೊಳಗೆ ಪುರುಷರಿಗೆ 2006ರಲ್ಲಿ ಶುರುವಾದ ವೃತ್ತಿಪರ ಟೂರ್, ಮಹಿಳೆಯರಿಗೆ ಅವರದೇ ಟೂರ್ ಇವೆ. ಆದರೆ ಆಡಿ ಹೊಟ್ಟೆ ಹೊರೆಯುವವರು ಕೆಲವರೇ. ಉಳಿದವರಲ್ಲಿ ಕೋಚ್ ಆಗಬಯಸುವವರಿಗೆ ಇಂಡಿಯನ್ ಗಾಲ್ಫ್ ಯೂನಿಯನ್ನಿನ ಅಂಗವಾದ ನ್ಯಾಷನಲ್ ಗಾಲ್ಫ್ ಅಕಾಡೆಮಿ ತರಬೇತಿ ಕೊಟ್ಟು ಪ್ರಮಾಣಪತ್ರ ನೀಡುತ್ತದೆ. ಕನ್ನಡದಲ್ಲಿ ಪಾಠ ಹೇಳಬಲ್ಲ, ಕ್ಯಾಡಿ ಷೆಡ್ಡಿನಿಂದಲೋ ಹಳ್ಳಿಯಿಂದಲೋ ಬಂದ ಯುವಕ ಯುವತಿಯರು ಆ ಪ್ರಮಾಣಪತ್ರ ಪಡೆದು ಊರ ಶಾಲೆಗಳಿಗೆ ಹೋಗಿ ಪಟರ್ ಹಿಡಿಸುವುದು, ಸದ್ಯಕ್ಕೆ ಈ ಆಟಕ್ಕೆ ಇಲ್ಲಿ ಹೆಚ್ಚು ಬೇಕಾಗಿರುವ ಕೆಲಸ.